ಬಚ್ಚಲ ಕೊಳವೆಯಲ್ಲೊಂದು ನೀರಿನ ಕದ

ಬೇಸಿಗೆ ರಜೆಗೆಂದು ಊರಿಗೆ ಹೋಗಿ ತಿಂಗಳ ಮೇಲೆ ಮನೆಗೆ ಹಿಂದಿರುಗಿದವರಿಗೆ ಈ ಅನುಭವ ಆಗಿರಬಹುದು. ಬೀಗ ತೆಗೆದು ಒಳಗೆ ಕಾಲಿಟ್ಟೊಡನೆ ಗಪ್ಪೆಂದು ಮೂಗಿಗೆ ಬಡಿಯುವ ದುರ್ನಾತ. ಎಲ್ಲೋ ಇಲಿ ಸತ್ತಿರಬೇಕೆಂದು ಅಟ್ಟ ಹುಡುಕುತ್ತಾರೆ, ಮಂಚದಡಿ ಬಗ್ಗಿ ನೋಡುತ್ತಾರೆ, ಫ್ರಿಜ್ ತೆರೆದು ಮೂಸುತ್ತಾರೆ. ಊದುಬತ್ತಿ ಹಚ್ಚಿದರೂ ನಾತ ಹೋಗುವುದಿಲ್ಲ. ಅಷ್ಟರಲ್ಲಿ ಪ್ರಯಾಣದ ದಣಿವು ಕಳೆಯಲೆಂದು ಒಬ್ಬರು ಬಚ್ಚಲಿಗೆ ಹೋಗಿ ನಾಲ್ಕು ಚೊಂಬು ನೀರು ಸುರಿದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನಾತ ಮಾಯ! ಹಾಗಾದರೆ ಸತ್ತ ಇಲಿ ಎಲ್ಲಿ ಹೋಯಿತು?

ಇಲಿ ಇರಲೇ ಇಲ್ಲ. ಬಚ್ಚಲಿನ ಜಾಲರಿಯ ಕೆಳಗೆ, ಅಡುಗೆಮನೆಯ ಸಿಂಕಿನ ಅಡಿಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಹೊಟ್ಟೆಯ ಕೆಳಗೆ ಒಂದೊಂದು ಸೊಟ್ಟ ಕೊಳವೆ ಇರುತ್ತದೆ. ಆನೆ ಸೊಂಡಿಲು ಮಡಿಚಿದಂತೆ ಅದು ಕೆಳಗಿಳಿದು, ಬಾಗಿ, ಮತ್ತೆ ಮೇಲೇರಿ ಆಮೇಲೆ ಚರಂಡಿಯತ್ತ ಸಾಗುತ್ತದೆ. ಪ್ಲಂಬರುಗಳು ಇದನ್ನು ‘ಟ್ರ್ಯಾಪ್’ ಎನ್ನುತ್ತಾರೆ. ಬಳಸಿದ ನೀರೆಲ್ಲ ಹರಿದು ಹೋದ ಮೇಲೂ ಈ ಬಾಗಿನಲ್ಲಿ ಒಂದಿಷ್ಟು ನೀರು ನಿಂತೇ ಇರುತ್ತದೆ. ಸಾಮಾನ್ಯವಾಗಿ ಎರಡು ಇಂಚು, ಅಂದರೆ ಸುಮಾರು 50 ಮಿಲಿಮೀಟರ್ ಆಳ. ಮನೆಗೂ ಊರಿನ ಒಳಚರಂಡಿಗೂ ನಡುವೆ ಇರುವ ಕದ ಇದೊಂದೇ. ತಿಂಗಳುಗಟ್ಟಲೆ ಯಾರೂ ನೀರು ಸುರಿಯದಿದ್ದರೆ ಅದು ಆರಿಹೋಗುತ್ತದೆ. ಕದ ತೆರೆದುಕೊಳ್ಳುತ್ತದೆ. ಚರಂಡಿ ಮನೆಯೊಳಗೆ ಬರುತ್ತದೆ.

ಇಷ್ಟು ಸರಳವಾದ ಉಪಾಯ ಮನುಷ್ಯನಿಗೆ ಒಲಿದದ್ದು ಮಾತ್ರ ಬಹಳ ತಡವಾಗಿ. ಒಲಿದ ಮೇಲೂ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ತಪ್ಪು ನಂಬಿಕೆ!

ಎಂಟು ತೋಳಿನ ಕಳ್ಳ

ಕೊಳೆನೀರನ್ನು ಸಾಗಿಸುವ ವಿದ್ಯೆಯೇನೋ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊದ ಮನೆಗಳಲ್ಲಿ ಇಟ್ಟಿಗೆ ಹಾಸಿದ ಬಚ್ಚಲುಗಳಿದ್ದವು. ಅಲ್ಲಿಂದ ಹೊರಟ ನೀರು ಬೀದಿಯ ಮುಚ್ಚಿದ ಮೋರಿಗೆ ಸೇರುತ್ತಿತ್ತು. ರೋಮನ್ನರು ಕಟ್ಟಿದ ‘ಕ್ಲೋಆಕಾ ಮ್ಯಾಕ್ಸಿಮಾ’ ಎಂಬ ಮಹಾಮೋರಿಯನ್ನು ಇಂದಿಗೂ ನೋಡಬಹುದು. ಆದರೆ ನೀರು ಹೋಗುವ ದಾರಿ ಬೇರೆಯವಕ್ಕೆ ಬರುವ ದಾರಿಯೂ ಹೌದು ಎಂಬ ಸಮಸ್ಯೆಗೆ ಅವರಲ್ಲಿ ಉತ್ತರವಿರಲಿಲ್ಲ.

ಮೂರನೆಯ ಶತಮಾನದ ಆರಂಭದಲ್ಲಿದ್ದ ಈಲಿಯನ್ ಎಂಬ ರೋಮನ್ ಲೇಖಕ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಒಂದು ಸ್ವಾರಸ್ಯದ ಪ್ರಸಂಗವನ್ನು ಹೇಳಿದ್ದಾನೆ. ಇಟಲಿಯ ಪುಟಿಯೋಲಿ ಎಂಬ ಬಂದರಿನಲ್ಲಿ ಐಬೀರಿಯಾದ ವ್ಯಾಪಾರಿಗಳ ಮನೆಯೊಂದಿತ್ತು. ಅಲ್ಲಿ ಜಾಡಿಗಳಲ್ಲಿ ಉಪ್ಪು ಹಾಕಿ ಇಟ್ಟಿದ್ದ ಮೀನು ರಾತ್ರೋರಾತ್ರಿ ಕಾಣೆಯಾಗುತ್ತಿತ್ತು. ಬಾಗಿಲು ಭದ್ರ, ಗೋಡೆ ಭದ್ರ. ಕಾವಲಿಗೆ ಕೂತ ಆಳು ಕಂಡದ್ದು ಒಂದು ದೈತ್ಯ ಆಕ್ಟೋಪಸ್! ಸಮುದ್ರಕ್ಕೆ ತೆರೆದುಕೊಂಡಿದ್ದ ಮೋರಿಯಲ್ಲಿ ಈಜಿ ಬಂದು, ಮನೆಯ ಬಚ್ಚಲ ಬಾಯಿಂದ ಮೇಲೆದ್ದು, ಜಾಡಿ ಒಡೆದು ಮೀನು ತಿನ್ನುತ್ತಿತ್ತಂತೆ. ಕೊನೆಗೆ ಕೊಡಲಿ ಹಿಡಿದ ಆಳುಗಳು ಹೊಂಚುಹಾಕಿ ಅದನ್ನು ಕೊಂದರು. ಕಥೆಗೆ ಎಷ್ಟು ರೆಕ್ಕೆಪುಕ್ಕ ಸೇರಿದೆಯೋ ಬಿಡಿ. ಆದರೆ ಮೋರಿಯಿಂದ ಏನು ಬೇಕಾದರೂ ಮೇಲೆ ಬರಬಹುದು ಎಂಬ ಅಳುಕು ಮಾತ್ರ ನಿಜವಾದದ್ದು. ರೋಮ್‌ನ ಬಹುಪಾಲು ಮನೆಗಳು ಬೀದಿಯ ಮೋರಿಗೆ ಜೋಡಣೆ ಪಡೆಯದಿರಲು ಈ ಅಳುಕೂ ಒಂದು ಕಾರಣ ಎಂದು ಇತಿಹಾಸಕಾರರು ಹೇಳುವುದುಂಟು.

ನಮ್ಮ ಹಳ್ಳಿಗಳ ಹಿರಿಯರು ಈ ಸಮಸ್ಯೆಯನ್ನು ಬಿಡಿಸಿದ ಬಗೆಯೇ ಬೇರೆ. ಹಂಡೆ, ಒಲೆ ಸಮೇತ ಬಚ್ಚಲನ್ನು ಮನೆಯ ಹಿಂಬದಿಗೆ ತಳ್ಳಿದರು. ತೂಬಿನಿಂದ ಹೊರಬಿದ್ದ ನೀರು ಹಿತ್ತಲಿನ ಬಾಳೆಗೋ ಕೆಸುವಿಗೋ ಹೋಗುತ್ತಿತ್ತು. ಅಲ್ಲಿ ಅನಿಲ ಕಟ್ಟಿಕೊಳ್ಳುವಂಥ ಮುಚ್ಚಿದ ಕೊಳವೆಯೇ ಇರಲಿಲ್ಲ. ಹಾವು, ಚೇಳು ನುಸುಳೀತೆಂಬ ಭಯಕ್ಕೆ ರಾತ್ರಿ ತೂಬಿಗೊಂದು ಚಿಂದಿ ತುರುಕಿದರೆ ಮುಗಿಯಿತು. ಹಿತ್ತಲು ಇರುವವರೆಗೆ ಇದು ಸಾಕಾಗಿತ್ತು. ಹಿತ್ತಲೇ ಇಲ್ಲದ ಪಟ್ಟಣದಲ್ಲಿ, ಮಲಗುವ ಕೋಣೆಯ ಪಕ್ಕದಲ್ಲೇ ಶೌಚಾಲಯ ಕಟ್ಟಿಸಿಕೊಳ್ಳುವ ಆಸೆ ಹುಟ್ಟಿದಾಗ ಫಜೀತಿ ಶುರುವಾಯಿತು.

ಗಡಿಯಾರ ರಿಪೇರಿಯವನ ಕೈಚಳಕ

ಆ ಆಸೆ ಮೊದಲು ಹುಟ್ಟಿದ್ದು ಇಂಗ್ಲೆಂಡಿನ ಸಿರಿವಂತರಲ್ಲಿ. ರಾಣಿ ಒಂದನೆಯ ಎಲಿಜಬೆತ್‌ಳ ಧರ್ಮಪುತ್ರ ಸರ್ ಜಾನ್ ಹ್ಯಾರಿಂಗ್ಟನ್ 1596ರಲ್ಲೇ ನೀರು ಹಾಯಿಸಿ ತೊಳೆಯುವ ಶೌಚಾಲಯವನ್ನು ವರ್ಣಿಸಿ ಪುಸ್ತಕ ಬರೆದಿದ್ದ. ಜನ ಓದಿ ನಕ್ಕು ಸುಮ್ಮನಾದರು. ಅದರಲ್ಲಿ ಬಾಗಿದ ಕೊಳವೆ ಇರಲಿಲ್ಲ.

ಬಾಗಿದ ಕೊಳವೆಗೆ ಹೆಸರು ಪಡೆದವನು ಅಲೆಕ್ಸಾಂಡರ್ ಕಮಿಂಗ್. ಸ್ಕಾಟ್ಲೆಂಡ್ ಮೂಲದ ಈತ ಲಂಡನ್ನಿನ ಬಾಂಡ್ ಸ್ಟ್ರೀಟ್‌ನಲ್ಲಿ ಗಡಿಯಾರ ತಯಾರಿಸುತ್ತಿದ್ದ. ಮೂರನೆಯ ಜಾರ್ಜ್ ದೊರೆಗೆ ಗಾಳಿಯ ಒತ್ತಡವನ್ನೂ ದಾಖಲಿಸುವ ಗಡಿಯಾರ ಮಾಡಿಕೊಟ್ಟ ಕುಶಲಿ. ಅವನು 1775ರಲ್ಲಿ ಪೇಟೆಂಟ್ ಪಡೆದದ್ದು ಶೌಚಾಲಯಕ್ಕೆ! ಬೋಗುಣಿಯ ಕೆಳಗೆ ಅವನು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿದ ಕೊಳವೆ ಇಟ್ಟ. ಅವನ ಪೇಟೆಂಟ್ ಪತ್ರದಲ್ಲೇ ಅದನ್ನು ‘ನಾತದ ಟ್ರ್ಯಾಪ್’ ಎಂಬ ಅರ್ಥದ ಹೆಸರಿನಿಂದ ಕರೆದಿದ್ದಾನೆ. ನೀರಿನಿಂದ ನಾತ ತಡೆಯಬಹುದೆಂಬುದು ಆಗಲೇ ಗೊತ್ತಿದ್ದ ಸಂಗತಿ ಎಂದು ಇದರಿಂದ ಊಹಿಸಬಹುದು. ಕಮಿಂಗ್‌ನ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ: ಪ್ರತಿ ಸಲ ಬಳಸಿದಾಗಲೂ ಟ್ರ್ಯಾಪಿನಲ್ಲಿದ್ದ ಹಳೆಯ ನೀರು ಕೊಚ್ಚಿಹೋಗಿ ಹೊಸ ನೀರು ಬಂದು ನಿಲ್ಲಬೇಕು ಎಂದು ಅವನು ಹಟ ಹಿಡಿದ. ಕಾವಲುಗಾರನೇ ಕೊಳೆತರೆ ಕಾವಲಿಗೆ ಏನರ್ಥ?

ಅವನ ಬೋಗುಣಿಯ ಅಡಿಯಲ್ಲಿದ್ದ ಜಾರುಮುಚ್ಚಳ ಮಾತ್ರ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಮೂರು ವರ್ಷಗಳ ನಂತರ, 1778ರಲ್ಲಿ, ಜೋಸೆಫ್ ಬ್ರಾಮಾ ಅದಕ್ಕೆ ಕೀಲಿನ ಮುಚ್ಚಳ ಹಾಕಿ ಬೇರೆ ಪೇಟೆಂಟ್ ಮಾಡಿಸಿಕೊಂಡ. ಮುಂದೆ ಮುಚ್ಚಳ, ಕೀಲು, ಸನ್ನೆ ಎಲ್ಲವೂ ಮೂಲೆಗೆ ಬಿದ್ದವು. ಚಲಿಸುವ ಭಾಗ ಒಂದೂ ಇಲ್ಲದ ಆ ಸೊಟ್ಟ ಕೊಳವೆಯೊಂದೇ ಉಳಿಯಿತು. ಗಡಿಯಾರದವನ ಪಾಲಿಗೆ ವಿಚಿತ್ರವಾದ ಕೀರ್ತಿಯೇ ಸರಿ.

ನಾತವೇ ರೋಗ ಎಂದವರು

ಲಂಡನ್ನಿನಲ್ಲಿ ಮನೆಯ ಕೊಳವೆಗಳನ್ನು ಬೀದಿಯ ಮೋರಿಗೆ ಜೋಡಿಸಲು ಅನುಮತಿ ಸಿಕ್ಕಿದ್ದು 1815ರಲ್ಲಿ. ಅದುವರೆಗೆ ಆ ಮೋರಿಗಳು ಮಳೆನೀರಿಗೆ ಮೀಸಲು. ಶೌಚಾಲಯಗಳು ಹೆಚ್ಚಿದಂತೆ ಎಲ್ಲವೂ ಥೇಮ್ಸ್ ನದಿಗೆ ಬಂದು ಬಿತ್ತು. ಕುಡಿಯುವ ನೀರೂ ಅದೇ ನದಿಯದು! ಕಾಲರಾ ಮತ್ತೆ ಮತ್ತೆ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಕೊಳೆತ ವಸ್ತುವಿನಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಮೂಲ ಎಂದು ಅಂದಿನ ವೈದ್ಯರೂ ಅಧಿಕಾರಿಗಳೂ ಗಟ್ಟಿಯಾಗಿ ನಂಬಿದ್ದರು. ನೈರ್ಮಲ್ಯ ಸುಧಾರಣೆಯ ಮುಂದಾಳು ಎಡ್ವಿನ್ ಚಾಡ್ವಿಕ್‌ನಂತೂ ನಾತವನ್ನೂ ರೋಗವನ್ನೂ ಒಂದೇ ಎಂದು ಬಗೆದವನು.

ಅದು ತಪ್ಪು ಎಂದು ತೋರಿಸಿದವನು ಡಾಕ್ಟರ್ ಜಾನ್ ಸ್ನೋ. 1854ರಲ್ಲಿ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಸುಮಾರು 600 ಜನ ಕಾಲರಾದಿಂದ ಸತ್ತಾಗ, ಮನೆಮನೆ ತಿರುಗಿ ಲೆಕ್ಕ ಹಾಕಿ, ಅವರಲ್ಲಿ ಬಹುಪಾಲು ಜನ ಒಂದೇ ಬಾವಿಯ ಪಂಪಿನ ನೀರು ಕುಡಿದವರೆಂದು ಅವನು ಗುರುತಿಸಿದ. ಪಂಪಿನ ಹಿಡಿಯನ್ನು ಕೀಳಿಸಿದ್ದೇನೋ ಹೌದು. ಆದರೆ ರೋಗ ಬರುವುದು ನೀರಿನಿಂದ, ಗಾಳಿಯಿಂದಲ್ಲ ಎಂಬ ಅವನ ವಾದವನ್ನು ದೊಡ್ಡವರು ಒಪ್ಪಲಿಲ್ಲ.

ಅವರು ಎಚ್ಚೆತ್ತದ್ದು ಸ್ವಂತ ಮೂಗಿಗೆ ಬಡಿದಾಗ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ, ದಡದಲ್ಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ನೇತುಹಾಕಬೇಕಾಯಿತು. ವರ್ಷಗಟ್ಟಲೆ ಕುಂಟುತ್ತಿದ್ದ ಒಳಚರಂಡಿ ಯೋಜನೆಗೆ ಹದಿನೆಂಟೇ ದಿನಗಳಲ್ಲಿ ಕಾನೂನಾಯಿತು! ಎಂಜಿನಿಯರ್ ಜೋಸೆಫ್ ಬಜಾಲ್ಗೆಟ್ 82 ಮೈಲಿ ಉದ್ದದ ಮುಖ್ಯ ಮೋರಿಗಳನ್ನು ಕಟ್ಟಿಸಿ ಕೊಳೆಯನ್ನು ಊರಾಚೆ ಸಾಗಿಸಿದ. ನಾತವನ್ನು ಓಡಿಸಲು ಹೊರಟವರು ತಮಗೇ ತಿಳಿಯದಂತೆ ಕಾಲರಾವನ್ನು ಓಡಿಸಿದ್ದರು.

ಹೀಗೆ ಊರೆಲ್ಲ ಒಂದೇ ಕೊಳವೆಯ ಜಾಲಕ್ಕೆ ಸೇರಿದಾಗ ಹೊಸ ಭಯ ಕಾಡತೊಡಗಿತು. ಅರಮನೆಯ ಬಚ್ಚಲಿಗೂ ಕೊಳೆಗೇರಿಯ ಕಕ್ಕಸಿಗೂ ಈಗ ನೆಲದಡಿಯ ನೆಂಟಸ್ತಿಕೆ ಬೆಳೆದಿತ್ತು. 1861ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ತೀರಿಕೊಂಡ. ವೈದ್ಯರು ಟೈಫಾಯಿಡ್ ಎಂದರು. ಸರಿಯಾಗಿ ಹತ್ತು ವರ್ಷಕ್ಕೆ, 1871ರ ಚಳಿಗಾಲದಲ್ಲಿ, ಯುವರಾಜನಿಗೂ ಅದೇ ಜ್ವರ. ಆತ ಅದಕ್ಕೆ ಮುಂಚೆ ಸ್ಕಾರ್ಬರೋ ಊರಿನ ಒಂದು ಶ್ರೀಮಂತ ಬಂಗಲೆಯಲ್ಲಿ ಅತಿಥಿಯಾಗಿದ್ದ. ಅಲ್ಲಿ ಜೊತೆಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲ್ ಮತ್ತು ಯುವರಾಜನ ಕುದುರೆ ಆಳು ಇಬ್ಬರೂ ಜ್ವರಕ್ಕೆ ಬಲಿಯಾದರು. ಯುವರಾಜ ಸಾವಿನ ದವಡೆಯಿಂದ ಪಾರಾದ. ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ದೊರೆಯಾದ. ಪತ್ರಿಕೆಗಳೆಲ್ಲ ಆ ಬಂಗಲೆಯ ಮೋರಿಯತ್ತ ಬೆರಳು ತೋರಿಸಿದವು.

ಆಮೇಲೆ ಕೇಳಬೇಕೆ? ಸಿರಿವಂತರೆಲ್ಲ ತಮ್ಮ ಮನೆಯ ಕೊಳವೆಗಳನ್ನು ಕೀಳಿಸಿ ನೋಡಿಸಿದರು. ಕಂಡದ್ದು ಅಸಹ್ಯ. ಆ ಕಾಲದಲ್ಲಿ ಬಳಕೆಯಲ್ಲಿದ್ದುದು ಸೀಸದ ‘ಡಿ’ ಆಕಾರದ ಟ್ರ್ಯಾಪು. ಅದರ ಮೂಲೆಗಳಲ್ಲಿ ಕೊಳೆ ಕಟ್ಟಿಕೊಂಡು ಟ್ರ್ಯಾಪೇ ಒಂದು ಪುಟ್ಟ ಕೊಳಚೆಗುಂಡಿಯಾಗಿತ್ತು. ಸ್ಟೀವನ್ಸ್ ಹೆಲ್ಯರ್ ಎಂಬ ಲಂಡನ್ನಿನ ಪ್ಲಂಬರ್ 1877ರಲ್ಲಿ ಪುಸ್ತಕವನ್ನೇ ಬರೆದು ಈ ‘ಡಿ’ ಟ್ರ್ಯಾಪಿನ ಮೇಲೆ ಸಮರ ಸಾರಿದ. ತಾನು ರೂಪಿಸಿದ ಹೊಸ ಟ್ರ್ಯಾಪಿಗೆ ‘ಆ್ಯಂಟಿ ಡಿ’ ಎಂದೇ ಹೆಸರಿಟ್ಟ! ಮೂಲೆಗಳಿಲ್ಲದ, ನೀರು ತಾನಾಗಿ ತೊಳೆದುಕೊಂಡು ಹೋಗುವ ನುಣುಪಾದ ಬಾಗು ಗೆದ್ದಿತು.

ಆದರೆ ಎರಡು ಇಂಚು ನೀರು ನಿಜಕ್ಕೂ ರೋಗವನ್ನು ತಡೆಯುತ್ತದೆಯೇ? ಕೆಟ್ಟ ಗಾಳಿ ನೀರಿನಲ್ಲಿ ಕರಗಿ ಈಚೆ ಬರುವುದಿಲ್ಲವೇ? ಈ ಸಂಶಯವನ್ನು ಗ್ಲಾಸ್ಗೋದ ವೈದ್ಯ ನೀಲ್ ಕಾರ್ಮೈಕಲ್ ಪ್ರಯೋಗಕ್ಕೆ ಒಡ್ಡಿದ. ನೀರಿನ ಮೂಲಕ ದಾಟುವ ಅನಿಲ ತೀರ ಅತ್ಯಲ್ಪ, ರೋಗಾಣುಗಳಂತೂ ದಾಟುವುದೇ ಇಲ್ಲ, ಟ್ರ್ಯಾಪನ್ನು ಧೈರ್ಯವಾಗಿ ನಂಬಬಹುದು ಎಂದು 1880ರಲ್ಲಿ ಸಾರಿದ. ಅದೇ ದಶಕದಲ್ಲಿ ರಾಬರ್ಟ್ ಕಾಕ್ ಭಾರತಕ್ಕೆ ಬಂದು, 1884ರಲ್ಲಿ ಕಲ್ಕತ್ತಾದ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ. ಕೆಟ್ಟ ಗಾಳಿಯ ವಾದ ಅಲ್ಲಿಗೆ ಕುಸಿಯಿತು. ಅದರ ಭಯದಿಂದ ಹುಟ್ಟಿದ ಕೊಳವೆ ಮಾತ್ರ ಮನೆಗಳಲ್ಲಿ ಉಳಿಯಿತು.

ನೀರನ್ನು ಕದಿಯುವ ಗಾಳಿ

ಟ್ರ್ಯಾಪು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೇಲಿನ ಮಹಡಿಯಲ್ಲಿ ಒಬ್ಬರು ತೊಟ್ಟಿಯ ನೀರನ್ನು ಒಮ್ಮೆಲೇ ಬಿಟ್ಟರೆ ಕೆಳಗಿನ ಮನೆಯ ಟ್ರ್ಯಾಪು ‘ಗಳ್ ಗಳ್’ ಎಂದು ಸದ್ದು ಮಾಡಿ ಬರಿದಾಗುತ್ತಿತ್ತು. ಕೊಳವೆ ತುಂಬ ರಭಸದಿಂದ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಬೇರೆಲ್ಲಿಂದಲೂ ಸಿಗದಿದ್ದರೆ ಪಕ್ಕದ ಟ್ರ್ಯಾಪುಗಳ ನೀರನ್ನೇ ಹೀರಿಬಿಡುತ್ತದೆ. ಸೀಮೆಎಣ್ಣೆ ಡಬ್ಬಕ್ಕೆ ರಬ್ಬರ್ ಕೊಳವೆ ಇಳಿಸಿ ಬಾಯಿಂದ ಎಳೆದು ಎಣ್ಣೆ ಹರಿಸಿದವರಿಗೆ ಈ ಸೈಫನ್ ತಂತ್ರ ಪರಿಚಿತ. ಪರಿಹಾರ ಸುಲಭ: ಕೊಳವೆಯ ತಲೆಯನ್ನು ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದಿಡುವುದು. ಕಟ್ಟಡಗಳ ಹಿಂಗೋಡೆಯ ಮೇಲೆ ನೆತ್ತಿಗೊಂದು ಟೋಪಿ ಹಾಕಿಕೊಂಡು ನಿಂತಿರುವ ಪೈಪಿನ ಕೆಲಸ ಇದೇ. ಪಾರಿವಾಳ ಗೂಡು ಕಟ್ಟಿತೆಂದೋ, ನೋಡಲು ಚೆನ್ನಾಗಿಲ್ಲವೆಂದೋ ಅದರ ಬಾಯಿ ಮುಚ್ಚಿಸಿದವರು ಆಮೇಲೆ ಪ್ಲಂಬರನ್ನು ಹುಡುಕುವುದು ಖಂಡಿತ.

ಈ ಇಡೀ ಕಥೆಯ ಕೀರ್ತಿಯನ್ನು ಜನ ಕೊಡುವುದು ಥಾಮಸ್ ಕ್ರ್ಯಾಪರ್ ಎಂಬ ಲಂಡನ್ನಿನ ಸ್ಯಾನಿಟರಿ ವ್ಯಾಪಾರಿಗೆ. ಆತ ಒಳ್ಳೆಯ ಕಸುಬುದಾರ, ರಾಜಮನೆತನಕ್ಕೂ ಕೆಲಸ ಮಾಡಿಕೊಟ್ಟವನು ನಿಜ. ಆದರೆ ಕಮಿಂಗ್ ಪೇಟೆಂಟ್ ಪಡೆದು ಅರವತ್ತೊಂದು ವರ್ಷಗಳ ನಂತರ, 1836ರಲ್ಲಿ, ಹುಟ್ಟಿದವನನ್ನು ಶೌಚಾಲಯದ ಜನಕ ಎನ್ನುವುದು ಹೇಗೆ?

ಬ್ರಿಟಿಷರ ಜೊತೆ ಈ ವಿದ್ಯೆ ನಮ್ಮಲ್ಲಿಗೂ ಬಂತು. ಇಲ್ಲಿನವರ ಅಭ್ಯಾಸ ಬೇರೆ. ತೊಟ್ಟಿಯೊಳಗೆ ಕೂತು ಮೀಯುವವರಲ್ಲ, ನೆಲದ ಮೇಲೆ ಕೂತು ಮೈಮೇಲೆ ನೀರು ಸುರಿದುಕೊಳ್ಳುವವರು. ಹಾಗಾಗಿ ಟ್ರ್ಯಾಪು ನೆಲದೊಳಗೆ ಇಳಿಯಿತು. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಬಚ್ಚಲು. ಆ ಪದವೇ ಇಂಗ್ಲಿಷಿನ ಬಾಲ ಹಚ್ಚಿಕೊಂಡು ‘ನಹಾನಿ ಟ್ರ್ಯಾಪ್’ ಆಯಿತು. ಬೆಂಗಳೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಮನೆಯ ಹೊರಗೆ ಅಂಗಳದಲ್ಲಿ ಕೂರುವುದು ‘ಗಲ್ಲಿ ಟ್ರ್ಯಾಪ್’. ಒಗೆಯುವ ಕಲ್ಲಿನ ನೀರು, ಪಾತ್ರೆ ತೊಳೆದ ನೀರು ಅದರ ಮೂಲಕವೇ ಹೋಗುತ್ತದೆ. ಬೇಸಿನ್ನಿನ ಕೆಳಗೆ ಹೊಳೆಯುವ ‘ಬಾಟಲ್ ಟ್ರ್ಯಾಪ್’ ಮತ್ತೊಂದು. ಕೈಜಾರಿದ ಉಂಗುರ, ಮೂಗುತಿಗಳು ಎಷ್ಟೋ ಸಲ ಅದರ ಹೊಟ್ಟೆಯಲ್ಲೇ ಸಿಗುವುದರಿಂದ ಗೃಹಿಣಿಯರಿಗೆ ಅದರ ಮೇಲೆ ಪ್ರೀತಿ.

ಒಗೆಯುವ ಕಲ್ಲು ಹೋಗಿ ವಾಷಿಂಗ್ ಮೆಷಿನ್ ಬಂದಾಗ ಟ್ರ್ಯಾಪಿಗೆ ಹೊಸ ಪರೀಕ್ಷೆ ಎದುರಾಯಿತು. ಕಲ್ಲಿನ ಮೇಲಿನ ನೀರು ಮೆಲ್ಲಗೆ ಹರಿಯುವಂಥದು. ಮೆಷಿನ್ನಿನದು ಪಂಪು ನೂಕುವ ನೀರು, ಅದರ ಜೊತೆಗೆ ನೊರೆ. ಭಾರತದ ಪೇಟೆಗೆ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ನೊರೆಗೇನು ಬರ? ಮೇಲಿನ ನಾಲ್ಕು ಮನೆಗಳಲ್ಲಿ ಒಟ್ಟಿಗೆ ಬಟ್ಟೆ ಒಗೆದರೆ ಕೆಳಗಿನ ಮನೆಯ ಬಚ್ಚಲ ಜಾಲರಿಯಿಂದ ನೊರೆ ಉಕ್ಕುತ್ತದೆ. ಕೆಲವರು ಮೆಷಿನ್ನಿನ ಪೈಪನ್ನು ಟ್ರ್ಯಾಪಿಲ್ಲದ ಮಳೆನೀರಿನ ಕೊಳವೆಗೇ ತುರುಕಿಬಿಡುತ್ತಾರೆ. ಅಲ್ಲಿಗೆ ಎರಡು ಶತಮಾನದ ಬುದ್ಧಿವಂತಿಕೆ ನೀರುಪಾಲು.

ಆ ಕದದ ಆಚೆ

ಟ್ರ್ಯಾಪಿನ ಆಚೆ ಇರುವುದಾದರೂ ಏನು? ಮುಖ್ಯವಾಗಿ ಮೀಥೇನ್, ಇಂಗಾಲದ ಡೈಆಕ್ಸೈಡ್, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್. ಈ ಕೊನೆಯದು ತೀರ ಅಲ್ಪ ಪ್ರಮಾಣದಲ್ಲಿದ್ದಾಗ ಮೂಗಿಗೆ ತಿಳಿಯುತ್ತದೆ. ಹೆಚ್ಚಾದಾಗ ಮೂಗನ್ನೇ ಸ್ತಬ್ಧಗೊಳಿಸುತ್ತದೆ. ನಾತ ನಿಂತಿತೆಂದು ಅನ್ನಿಸಿದ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಮ್ಯಾನ್‌ಹೋಲಿಗೆ ಇಳಿದ ಪೌರಕಾರ್ಮಿಕರು ಸಾಯುವುದು ಬಹುತೇಕ ಹೀಗೆಯೇ. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಮೇಲೆ ಬರುವುದಿಲ್ಲ. ಮಲ ಹೊರುವ ಮತ್ತು ಸುರಕ್ಷತೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸುವ ಪದ್ಧತಿಯನ್ನು 2013ರ ಕಾನೂನು ನಿಷೇಧಿಸಿತು. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವುಗಳು ನಿಂತಿದ್ದರೆ ಮೊತ್ತ ಏರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮನೆಯೊಳಗಿನವರನ್ನು ಎರಡು ಇಂಚು ನೀರು ಕಾಯುತ್ತದೆ. ಆಚೆ ಬದಿಗೆ ಇಳಿಯುವವನಿಗೆ ಅಷ್ಟೂ ಕಾವಲಿಲ್ಲ.

ಇನ್ನು ರೋಗದ ಮಾತು. ಕೆಟ್ಟ ಗಾಳಿಯ ವಾದ ಸತ್ತು ನೂರು ವರ್ಷವಾದ ಮೇಲೆ ಹಾಂಗ್‌ಕಾಂಗ್‌ನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 33 ಮಹಡಿಗಳ ಕಟ್ಟಡಗಳಿದ್ದವು. ಮಹಡಿಗೆ ಎಂಟು ಮನೆ. 2003ರ ಮಾರ್ಚ್ ತಿಂಗಳಲ್ಲಿ ಸಾರ್ಸ್ ಸೋಂಕು ತಗುಲಿದ್ದ ವ್ಯಕ್ತಿಯೊಬ್ಬ ಅಲ್ಲಿನ ‘ಇ’ ಬ್ಲಾಕಿನಲ್ಲಿದ್ದ ಸಂಬಂಧಿಕರ ಮನೆಗೆ ಎರಡು ಸಲ ಬಂದು ತಂಗಿದ್ದ. ಅವನಿಗೆ ಭೇದಿಯಾಗುತ್ತಿತ್ತು. ಏಪ್ರಿಲ್ 15ರ ಹೊತ್ತಿಗೆ ಆ ಸಮುಚ್ಚಯದಲ್ಲಿ 321 ಜನರಿಗೆ ಸೋಂಕು ತಗುಲಿತ್ತು. ಅವರಲ್ಲಿ ನೂರಕ್ಕೆ 41 ಮಂದಿ ‘ಇ’ ಬ್ಲಾಕಿನವರು. ಒಬ್ಬರ ಮುಖ ಒಬ್ಬರು ನೋಡದವರೂ ಒಟ್ಟಿಗೆ ಮಲಗಿದ್ದು ಹೇಗೆ?

ಆರೋಗ್ಯ ಇಲಾಖೆಯ ತನಿಖಾಧಿಕಾರಿಗಳ ನೋಟ ಕೊನೆಗೆ ಬಚ್ಚಲ ನೆಲದ ಟ್ರ್ಯಾಪಿಗೆ ಬಂದು ನಿಂತಿತು. ಅಲ್ಲಿನವರು ಬಚ್ಚಲಿಗೆ ನೀರು ಹೊಯ್ದು ತೊಳೆಯುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಹೀಗಾಗಿ ಬಹಳಷ್ಟು ಟ್ರ್ಯಾಪುಗಳು ಒಣಗಿಹೋಗಿದ್ದವು. ಬಚ್ಚಲ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ, ಅದು ಕೊಳವೆಯೊಳಗಿನ ಗಾಳಿಯನ್ನು, ಅದರೊಡನೆ ರೋಗಿಯ ಮಲದಿಂದ ಸಿಡಿದ ಸೂಕ್ಷ್ಮ ಹನಿಗಳನ್ನು ಒಣ ಟ್ರ್ಯಾಪಿನ ಮೂಲಕ ಒಳಗೆ ಎಳೆದುಕೊಂಡಿತು. ಮನೆಯಿಂದ ಮನೆಗೆ ಕಾಯಿಲೆ ಹತ್ತಿದ್ದು ಹೀಗೆ ಎಂಬುದು ತನಿಖೆಯ ನಿಲುವು. ವಿಕ್ಟೋರಿಯಾ ಕಾಲದವರು ಟೈಫಾಯಿಡ್, ಕಾಲರಾ ವಿಷಯದಲ್ಲಿ ಎಡವಿದ್ದರು ನಿಜ. ಆದರೆ ಕೊಳವೆಯ ಗಾಳಿಗೆ ಹೆದರಿದ್ದು ಪೂರ್ತಿ ಮೂರ್ಖತನವಾಗಿರಲಿಲ್ಲ.

2020ರ ಆರಂಭದಲ್ಲಿ ಕೋವಿಡ್ ಹರಡಿದಾಗ ಚೀನಾದ ಗ್ವಾಂಗ್‌ಝೌ ನಗರದ ಗಗನಚುಂಬಿ ಕಟ್ಟಡವೊಂದರಲ್ಲೂ ಇಂಥದೇ ಅನುಮಾನ ಎದ್ದಿತು. ಒಂದರ ಮೇಲೊಂದು ಇದ್ದ ಮೂರು ಮನೆಗಳ ಒಂಬತ್ತು ಜನರಿಗೆ ಕಾಯಿಲೆ. ಆ ಮನೆಗಳ ಬಚ್ಚಲುಗಳನ್ನು ಜೋಡಿಸಿದ್ದುದು ಒಂದೇ ಕೊಳವೆ. ಅದೇ ವರ್ಷ ಲಾಕ್‌ಡೌನ್ ಮುಗಿದು ಕಚೇರಿ, ಹೋಟೆಲುಗಳ ಬೀಗ ತೆಗೆದ ಎಷ್ಟೋ ಕಡೆ ಮೊದಲು ಎದುರುಗೊಂಡದ್ದು ಒಣಗಿದ ಟ್ರ್ಯಾಪುಗಳ ನಾತ.

ಹಾಂಗ್‌ಕಾಂಗ್ ಸರ್ಕಾರ ತನ್ನ ನಾಗರಿಕರಿಗೆ ಒಂದು ಸಲಹೆ ಕೊಡುತ್ತದೆ: ವಾರಕ್ಕೊಮ್ಮೆ ಮನೆಯ ಪ್ರತಿಯೊಂದು ಟ್ರ್ಯಾಪಿಗೂ ಅರ್ಧ ಲೀಟರ್ ನೀರು ಸುರಿಯಿರಿ. ಬಚ್ಚಲು ತೊಳೆಯದೆ ಮಲಗದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಈಗಿನ ಫ್ಲ್ಯಾಟುಗಳಲ್ಲಿ ಬಚ್ಚಲನ್ನು ‘ಒಣ’, ‘ಒದ್ದೆ’ ಎಂದು ಗಾಜಿನ ಗೋಡೆಯಿಂದ ಭಾಗ ಮಾಡಿ, ಒಣ ಭಾಗವನ್ನು ಒರೆಸುವ ಕೋಲಿನಿಂದ ಶುಚಿ ಮಾಡುತ್ತಾರೆ. ಆ ಭಾಗದ ನೆಲದಲ್ಲೂ ಒಂದು ಜಾಲರಿ ಇದೆ, ಅದರ ಕೆಳಗೂ ಒಂದು ಟ್ರ್ಯಾಪಿದೆ. ಅದಕ್ಕೆ ಕೊನೆಯ ಸಲ ನೀರು ಬಿದ್ದದ್ದು ಯಾವಾಗ ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.